ಅಕ್ಷಯ ಶಕ್ತಿಯ ವ್ಯಾಪಾರ ಮತ್ತು ಸತ್ಯಾಣುವ್ರತ

ವ್ಯಾಪಾರಿಯ ಮರ್ಯಾದೆ ಅವನ ತಕ್ಕಡಿಯಲ್ಲಿದೆ. ರಾಜಾಜಿನಗರದ ದಿನಸಿ ಅಂಗಡಿಯಾಗಲಿ, ವಿಜಯನಗರದ ಚಿನ್ನಬೆಳ್ಳಿಯ ಮಳಿಗೆಯಾಗಲಿ, ತೂಕದ ಬಟ್ಟಿನ ಮೇಲೆ ಸರ್ಕಾರದ ಮುದ್ರೆಯಿಲ್ಲದೆ ವ್ಯವಹಾರ ನಡೆಸುವಂತಿಲ್ಲ. ಬೇಳೆ ಕೊಳ್ಳಲು ಬಂದ ಗೃಹಿಣಿಯೂ ಮುಳ್ಳು ನೆಟ್ಟಗೆ ನಿಂತಿತೇ ಎಂದು ಒಮ್ಮೆ ನೋಡಿಯೇ ಹಣ ಕೊಡುತ್ತಾಳೆ. ಆದರೆ ಅದೇ ಮನೆಯ ಯಜಮಾನನು ನಿವೃತ್ತಿಯ ಹಣವನ್ನು ತೆಗೆದುಕೊಂಡು ಹೋಗಿ, ತೂಗಿ ನೋಡಲು ಸಾಧ್ಯವೇ ಇಲ್ಲದ ಒಂದು ಸರಕಿಗೆ ಸುರಿಯಬಲ್ಲನು. ಆ ಸರಕಿನ ಹೆಸರು ‘ನಾಳೆಯ ಶಕ್ತಿ’. ಇಂಧನವಿಲ್ಲದೆ ತಿರುಗುವ ಯಂತ್ರ, ಒಳಗೆ ಹಾಕಿದ ವಿದ್ಯುತ್ತಿಗಿಂತ ಹೆಚ್ಚು ವಿದ್ಯುತ್ತನ್ನು ಹೊರಗೆ ಕೊಡುವ ಜನರೇಟರು, ಬೇಸಿಗೆಯ ಬಿಸಿಲಿನಲ್ಲಿಯೂ ಕಿಂಚಿತ್ತೂ ನಷ್ಟವಿಲ್ಲದೆ ವಿದ್ಯುತ್ತನ್ನು ಸಾಗಿಸುವ ತಂತಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಸ್ಕಾಂ ಬಿಲ್ಲನ್ನು ಅರ್ಧಕ್ಕಿಳಿಸುವ ಪೆಟ್ಟಿಗೆ ಇವೆಲ್ಲವೂ ಆ ಸರಕಿನ ನಾನಾ ರೂಪಗಳು.

ಇಂತಹ ಸರಕನ್ನು ಮಾರುವ ಕಂಪನಿಗಳ ವಿಷಯದಲ್ಲಿ ಸಮಾಜದ ಹಿರಿಯರು ಇದುವರೆಗೆ ತಾಳಿರುವ ಔದಾರ್ಯವು ಔದಾರ್ಯವೆನಿಸಿಕೊಳ್ಳಲು ಅರ್ಹವಲ್ಲ, ಅದು ಹೊಣೆಗೇಡಿತನ. ಉದ್ಘಾಟನೆಗೆ ಕರೆದರೆಂದು ಹೋಗಿ ದೀಪ ಬೆಳಗುವುದು, ಸನ್ಮಾನದ ಶಾಲು ಹೊದ್ದು ಯಂತ್ರದ ಪಕ್ಕದಲ್ಲಿ ನಿಂತು ಛಾಯಾಚಿತ್ರಕ್ಕೆ ಮುಖ ಕೊಡುವುದು, ಸಮುದಾಯ ಭವನವನ್ನು ಪ್ರಾತ್ಯಕ್ಷಿಕೆಗೆಂದು ಬಿಟ್ಟುಕೊಡುವುದು ಇವು ಮೇಲ್ನೋಟಕ್ಕೆ ಸಣ್ಣ ಉಪಕಾರಗಳು. ಆದರೆ ಕಂಪನಿಯ ಬಂಡವಾಳ ಅದೇ. ಯಂತ್ರದ ಒಳಗೇನಿದೆಯೆಂದು ತಿಳಿಯದ ಜನರು ಅದರ ಪಕ್ಕದಲ್ಲಿ ನಿಂತವರ ಮುಖವನ್ನು ನೋಡಿ ಹಣ ಕೊಡುತ್ತಾರೆ.

ಈ ವ್ಯಾಪಾರವು ಹೊಸದಲ್ಲ. ಅಮೆರಿಕದಲ್ಲಿ 1872ರಲ್ಲಿಯೇ ಕೀಲಿ ಮೋಟಾರ್ ಕಂಪನಿ ಹುಟ್ಟಿತು. ಜಾನ್ ಕೀಲಿ ಎಂಬಾತನು ನೀರಿನಿಂದಲೂ ‘ಈಥರ್’ ಎಂಬ ಸೂಕ್ಷ್ಮ ದ್ರವ್ಯದ ಕಂಪನದಿಂದಲೂ ಅಪಾರ ಶಕ್ತಿಯನ್ನು ತೆಗೆಯಬಲ್ಲೆನೆಂದು ಹೇಳಿ ಫಿಲಡೆಲ್ಫಿಯಾ ನಗರದಲ್ಲಿ ಪ್ರಾತ್ಯಕ್ಷಿಕೆಗಳನ್ನು ನಡೆಸಿದನು. ಷೇರುದಾರರು ಕಾಲು ಶತಮಾನ ಕಾದರು. ಮಾರುಕಟ್ಟೆಗೆ ಒಂದೇ ಒಂದು ಯಂತ್ರವೂ ಬರಲಿಲ್ಲ. 1898ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪ್ರಯೋಗಶಾಲೆಯ ನೆಲವನ್ನು ಕಿತ್ತು ನೋಡಿದವರಿಗೆ ಅಡಿಯಲ್ಲಿ ಒಂದು ದೊಡ್ಡ ಲೋಹದ ಗೋಳ ಕಂಡಿತು. ಒತ್ತಿ ತುಂಬಿದ ಗಾಳಿಯೇ ಅವನ ಅಲೌಕಿಕ ಶಕ್ತಿಯಾಗಿತ್ತೆಂದು ಪರೀಕ್ಷಿಸಿದವರು ತೀರ್ಮಾನಿಸಿದರು.

ಐರ್ಲೆಂಡಿನ ಸ್ಟಿಯಾರ್ನ್ ಎಂಬ ಕಂಪನಿಯದು ಇತ್ತೀಚಿನ ಕಥೆ. ಅದು 2006ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಅಯಸ್ಕಾಂತಗಳಿಂದ ಪುಕ್ಕಟೆಯಾಗಿ ಶಕ್ತಿ ಬರುತ್ತದೆಂದೂ ವಿಜ್ಞಾನಿಗಳು ಬಂದು ಪರೀಕ್ಷಿಸಬೇಕೆಂದೂ ಸವಾಲು ಹಾಕಿತು. 2007ರಲ್ಲಿ ಲಂಡನ್ನಿನಲ್ಲಿ ಏರ್ಪಡಿಸಿದ್ದ ಪ್ರದರ್ಶನವು ದೀಪಗಳ ಶಾಖದ ನೆಪದಲ್ಲಿ ರದ್ದಾಯಿತು. 2009ರಲ್ಲಿ, ಕಂಪನಿಯೇ ಆರಿಸಿಕೊಂಡ ತಜ್ಞರ ಮಂಡಲಿಯು ಶಕ್ತಿ ಉತ್ಪಾದನೆಗೆ ಯಾವ ಸಾಕ್ಷ್ಯವೂ ದೊರೆಯಲಿಲ್ಲವೆಂದು ಒಮ್ಮತದಿಂದ ಹೇಳಿತು. ಅಷ್ಟಾದರೂ ಕಂಪನಿ ಮತ್ತೆ ಏಳು ವರ್ಷ ಬದುಕಿ 2016ರಲ್ಲಿ ಮುಚ್ಚಿಕೊಂಡಿತು. ಸುಳ್ಳು ಬಯಲಾದ ಮೇಲೂ ಆಸೆ ಎಷ್ಟು ಕಾಲ ಬಡ್ಡಿ ಕಟ್ಟುತ್ತದೆಂಬುದಕ್ಕೆ ಇದು ನಿದರ್ಶನ.

ಮೋಸವು ಪರದೇಶದ್ದೇ ಆಗಬೇಕಾಗಿಲ್ಲ. ನೆರೆಯ ತಮಿಳುನಾಡಿನಲ್ಲಿ 1996ರಲ್ಲಿ ರಾಮರ್ ಪಿಳ್ಳೈ ಎಂಬಾತನು ಗಿಡಮೂಲಿಕೆಯಿಂದ ಪೆಟ್ರೋಲ್ ತಯಾರಿಸುತ್ತೇನೆಂದಾಗ ದೇಶವೇ ಬೆರಗಾಯಿತು. ಮಂತ್ರಿಗಳು, ಅಧಿಕಾರಿಗಳು, ಪತ್ರಿಕೆಗಳು ಎಲ್ಲರೂ ಅವನ ಹಿಂದೆ ಹೋದರು. ಅವನು ಮಾರಿದ ದ್ರವವು ನಾಫ್ತಾ, ಟಾಲ್ವೀನ್ ಮುಂತಾದ ಪೆಟ್ರೋಲಿಯಂ ಪದಾರ್ಥಗಳ ಬೆರಕೆಯೆಂದು ಸಿಬಿಐ ಮೊಕದ್ದಮೆ ಹೂಡಿತು. 2016ರಲ್ಲಿ ಚೆನ್ನೈನ ನ್ಯಾಯಾಲಯವು ಅವನಿಗೆ ಮೂರು ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಹೇಳಿಕೆಗೂ ತೀರ್ಪಿಗೂ ನಡುವೆ ಇಪ್ಪತ್ತು ವರ್ಷಗಳು ಸರಿದವು. ನ್ಯಾಯಾಲಯವು ಸತ್ಯವನ್ನು ಸ್ಥಾಪಿಸಬಲ್ಲದು. ಕಳೆದುಹೋದ ಇಪ್ಪತ್ತು ವರ್ಷಗಳನ್ನಾಗಲಿ, ಏಜೆನ್ಸಿಗೆಂದು ಹಣ ಕಟ್ಟಿದವರ ನೆಮ್ಮದಿಯನ್ನಾಗಲಿ ಮರಳಿ ಕೊಡಲಾರದು.

ಇಲ್ಲಿ ಒಂದು ವಿವೇಚನೆ ಅಗತ್ಯ. ತಪ್ಪು ಹೇಳಿಕೆ ಮಾಡಿದವರೆಲ್ಲರೂ ಕಳ್ಳರಲ್ಲ. ಭಾರತೀಯ ಪರಮಾಣು ವಿದ್ಯುತ್ ನಿಗಮದಲ್ಲಿ ಉನ್ನತ ಹುದ್ದೆಯಲ್ಲಿದ್ದು, ಕೈಗಾ ಯೋಜನೆಯ ಹೊಣೆ ಹೊತ್ತಿದ್ದ ಪರಮಹಂಸ ತಿವಾರಿಯವರು ನಿವೃತ್ತಿಯ ನಂತರವೂ ‘ಶೂನ್ಯಾಕಾಶದಿಂದ ವಿದ್ಯುತ್’ ಎಂಬ ತಮ್ಮ ಸಿದ್ಧಾಂತವನ್ನು ಬಿಡದೆ ಬೆನ್ನುಹತ್ತಿದರು. ಹೂಡಿದ ಶಕ್ತಿಗಿಂತ ಹೆಚ್ಚು ಶಕ್ತಿ ಕೊಡುವ, ಅಂದರೆ ದಕ್ಷತೆ ನೂರಕ್ಕೆ ನೂರನ್ನು ಮೀರಿದ ಜನರೇಟರನ್ನು ನಿರ್ಮಿಸಿದ್ದಾಗಿ ಅವರು ಹೇಳಿದರು. ಅವರು 2017ರಲ್ಲಿ ನಿಧನರಾದರು. ಅವರ ವಿದ್ಯೆಯನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ಇಲ್ಲಿ ಶಂಕಿಸಬೇಕಾಗಿಲ್ಲ. ಶಂಕಿಸಬೇಕಾದುದು ಹೇಳಿಕೆಯನ್ನು. ಅಂತಹ ಯಂತ್ರದಿಂದ ಕರ್ನಾಟಕದ ಒಂದು ಹಳ್ಳಿಯ ದೀಪವೂ ಇಂದಿನವರೆಗೆ ಉರಿದಿಲ್ಲ. ಕೈಗಾದ ಸ್ಥಾವರವಾದರೋ ಸಾಮಾನ್ಯ ಭೌತವಿಜ್ಞಾನದ ನಿಯಮಗಳಿಗೆ ವಿಧೇಯವಾಗಿ ಪ್ರತಿದಿನ ವಿದ್ಯುತ್ತನ್ನು ಕೊಡುತ್ತಿದೆ.

ದೊಡ್ಡ ಹುದ್ದೆಯಲ್ಲಿದ್ದವರು ಹೇಳಿದರೆಂಬ ಕಾರಣಕ್ಕೆ ಅಳತೆಯು ಬದಲಾಗುವುದಿಲ್ಲ. ಅಳತೆಯಲ್ಲಿ ತಪ್ಪುವುದೂ ಬಹಳ ಸುಲಭ. ಮನೆಗೆ ಬರುವ ಪರ್ಯಾಯ ವಿದ್ಯುತ್ತಿನಲ್ಲಿ ವೋಲ್ಟೇಜು ಒಂದು ಅಲೆಯಂತೆ ಏರಿಳಿಯುತ್ತದೆ, ಕರೆಂಟು ಇನ್ನೊಂದು ಅಲೆಯಂತೆ. ಎರಡು ಅಲೆಗಳೂ ಕೂಡಿ ನಡೆದರೆ ಮಾತ್ರ ಅವುಗಳ ಗುಣಲಬ್ಧವು ನಿಜವಾದ ಶಕ್ತಿ. 230 ವೋಲ್ಟು, 10 ಆಂಪಿಯರು ಎಂದು ಎರಡು ಮೀಟರುಗಳು ತೋರಿಸಿದರೆ, ಗುಣಿಸಿದಾಗ 2300 ಬರುತ್ತದೆ. ಆದರೆ ಪವರ್ ಫ್ಯಾಕ್ಟರ್ 0.3 ಇದ್ದರೆ ಅಲ್ಲಿರುವ ನಿಜವಾದ ಶಕ್ತಿ 690 ವಾಟ್ ಮಾತ್ರ. ಒಳಹೋಗುವ ಕಡೆ ವಾಟ್‌ಮೀಟರಿನಲ್ಲಿ ಅಳೆದು, ಹೊರಬರುವ ಕಡೆ ಬರೀ ಗುಣಿಸಿ ನೋಡಿದವನಿಗೆ ಯಂತ್ರವು ಮೂರು ಪಟ್ಟಿಗಿಂತ ಹೆಚ್ಚು ಶಕ್ತಿ ಕೊಟ್ಟಂತೆ ಕಾಣುತ್ತದೆ. ಸಾಧುವಾದ ಮನುಷ್ಯನೂ ಇಲ್ಲಿ ತನ್ನನ್ನು ತಾನು ವಂಚಿಸಿಕೊಳ್ಳಬಹುದು. ಆದುದರಿಂದಲೇ ಅಳೆಯುವವನು ಬೇರೆಯವನಾಗಿರಬೇಕು, ಮೀಟರೂ ಬೇರೆಯವನದಾಗಿರಬೇಕು.

ಇದಕ್ಕಿಂತ ಸರಳವಾದ ಪರೀಕ್ಷೆಯೊಂದುಂಟು. ಹತ್ತು ಯೂನಿಟ್ ತಿಂದು ಹದಿನೈದು ಯೂನಿಟ್ ಕೊಡುವ ಯಂತ್ರವು ನಿಜವಾಗಿಯೂ ಇದ್ದರೆ, ಹೊರಬಂದ ಹದಿನೈದರಲ್ಲಿ ಹತ್ತನ್ನು ಮರಳಿ ಅದಕ್ಕೇ ಉಣಿಸಿ, ಹೊರಗಿನ ತಂತಿಯನ್ನು ಕತ್ತರಿಸಿಬಿಡಬಹುದು. ಕೊಠಡಿಗೆ ಬೀಗ ಹಾಕಿ, ಮೊಹರು ಒತ್ತಿ, ಮೂರು ತಿಂಗಳು ಬಿಟ್ಟು ತೆರೆದು ನೋಡಬಹುದು. ಯಂತ್ರ ತಿರುಗುತ್ತಿದ್ದರೆ ಲೋಕವೇ ಬಂದು ಕೈಮುಗಿಯುತ್ತದೆ. ಈ ಪರೀಕ್ಷೆಗೆ ಖರ್ಚಿಲ್ಲ, ಪಾಂಡಿತ್ಯ ಬೇಕಿಲ್ಲ. ನೂರೈವತ್ತು ವರ್ಷಗಳಿಂದ ಯಾವ ಕಂಪನಿಯೂ ಇದರಲ್ಲಿ ತೇರ್ಗಡೆಯಾಗಿಲ್ಲ.

ಅತಿವಾಹಕಗಳ ಕಥೆ ಇದಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಪತ್ರಿಕೆಗಳು ಸೂಪರ್‌ಕಂಡಕ್ಟರ್ ಎಂದು ಕರೆಯುವ ಈ ವಸ್ತುಗಳು ನಿಜವಾಗಿಯೂ ಇವೆ. ಹಾಲೆಂಡಿನ ಲೈಡನ್ನಿನಲ್ಲಿ 1911ರಲ್ಲಿ ಕಾಮರ್ಲಿಂಗ್ ಓನ್ನಸ್ ಅವರು ಪಾದರಸವನ್ನು ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಂಪುಮಾಡಿದಾಗ ಅದರ ವಿದ್ಯುತ್ ರೋಧವು ಇಲ್ಲವಾಯಿತು. ಇಂದು ರಾಜಾಜಿನಗರದ, ವಿಜಯನಗರದ ಸ್ಕ್ಯಾನಿಂಗ್ ಕೇಂದ್ರಗಳಿಗೆ ಹೋದ ರೋಗಿಯು ಎಂಆರ್‌ಐ ಯಂತ್ರದೊಳಗೆ ಮಲಗಿದಾಗ ಅವನ ಸುತ್ತ ಇರುವುದು ಸಾಮಾನ್ಯವಾಗಿ ಅತಿವಾಹಕದ ಸುರುಳಿಯೇ. ನಿಯೋಬಿಯಂ ಮತ್ತು ಟೈಟೇನಿಯಂ ಮಿಶ್ರಲೋಹದ ಆ ತಂತಿಯನ್ನು ದ್ರವ ಹೀಲಿಯಂ ತಂಪಾಗಿಟ್ಟಿರುತ್ತದೆ. ಸಾಮಾನ್ಯ ಒತ್ತಡದಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ ಕೆಲಸ ಮಾಡುವ ಅತಿವಾಹಕವು ಮಾತ್ರ ಇನ್ನೂ ಸಿಕ್ಕಿಲ್ಲ. ಅದು ಸಿಕ್ಕರೆ ವಿದ್ಯುತ್ ಸಾಗಣೆಯ ನಷ್ಟ ತಪ್ಪುತ್ತದೆ, ಲೋಕೋಪಕಾರವಾಗುತ್ತದೆ. ಹಂಬಲವು ನ್ಯಾಯವಾದುದೇ. ನ್ಯಾಯವಾದ ಹಂಬಲವಿರುವಲ್ಲಿಯೇ ಅನ್ಯಾಯದ ಅಂಗಡಿಯೂ ತೆರೆಯುತ್ತದೆ.

ಈ ವಿಷಯದಲ್ಲಿ ಬೆಂಗಳೂರಿಗೇ ಒಂದು ಪಾಠ ದೊರೆತಿದೆ. ರಾಜಾಜಿನಗರದಿಂದ ಕೆಲವೇ ಕಿಲೋಮೀಟರು ದೂರದ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಅವರು 2018ರ ಜುಲೈಯಲ್ಲಿ, ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಅಡಕಗೊಳಿಸಿದ ಪದಾರ್ಥವು ಸಾಮಾನ್ಯ ಒತ್ತಡದಲ್ಲಿಯೇ 236 ಕೆಲ್ವಿನ್, ಅಂದರೆ ಶೂನ್ಯಕ್ಕಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗೆ, ಅತಿವಾಹಕವಾಗುತ್ತದೆಂದು ಪ್ರಕಟಿಸಿದರು. ಬೆರಕೆಯ ಪ್ರಮಾಣವನ್ನು ಬದಲಿಸಿ ಈ ಉಷ್ಣತೆಯನ್ನು ಇನ್ನೂ ಮೇಲೇರಿಸಬಹುದೆಂದೂ ಹೇಳಿದರು. ಕೆಲವೇ ದಿನಗಳಲ್ಲಿ ಅಮೆರಿಕದ ಬ್ರಯನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿಯು ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ನಡೆಸಿದ ಎರಡು ಅಳತೆಗಳಲ್ಲಿ, ಗೊತ್ತುಗುರಿಯಿಲ್ಲದೆ ಇರಬೇಕಾದ ಸಣ್ಣ ಏರುಪೇರುಗಳು ಒಂದರಂತೆ ಒಂದು ಮರುಕಳಿಸಿದ್ದವು. ಅದು ಹೇಗೆ ಸಾಧ್ಯವೆಂಬ ಪ್ರಶ್ನೆ ಎಲ್ಲೆಡೆ ಎದ್ದಿತು. 2019ರ ಮೇ ತಿಂಗಳಲ್ಲಿ ಇನ್ನಷ್ಟು ಸಹಲೇಖಕರೊಡನೆ ಪರಿಷ್ಕೃತ ಪ್ರಬಂಧ ಬಂದಾಗ ಶೀರ್ಷಿಕೆಯಲ್ಲಿದ್ದ ‘ಅತಿವಾಹಕತೆ’ ಎಂಬ ಪದವೇ ಹೋಗಿ, ಅತ್ಯಲ್ಪ ರೋಧವೂ ಕಾಂತ ವಿಕರ್ಷಣೆಯೂ ಒಟ್ಟಿಗೆ ಕಂಡವೆಂಬ ಎಚ್ಚರದ ಮಾತು ಬಂದಿತ್ತು. ಹೊರಗಿನ ಪ್ರಯೋಗಾಲಯವೊಂದು ಅದೇ ಫಲವನ್ನು ಪಡೆದು ದೃಢಪಡಿಸುವ ಘಟ್ಟಕ್ಕೆ ಆ ಹೇಳಿಕೆ ತಲುಪಲಿಲ್ಲ.

ಈ ಪ್ರಸಂಗವನ್ನು ನಗರಕ್ಕೆ ಅವಮಾನವೆಂದು ಎಣಿಸುವವರಿದ್ದಾರೆ. ಅದು ಸರಿಯಲ್ಲ. ಅಲ್ಲಿ ಯಾರೂ ಷೇರು ಮಾರಲಿಲ್ಲ, ಯಾರ ಠೇವಣಿಯನ್ನೂ ಪಡೆಯಲಿಲ್ಲ. ಅಂಕಿಗಳನ್ನು ಎಲ್ಲರೆದುರು ಇಟ್ಟದ್ದರಿಂದಲೇ ಸಾವಿರಾರು ಮೈಲಿ ದೂರದ ಒಬ್ಬನು ಅದರಲ್ಲಿ ಸಂದೇಹವನ್ನು ಕಾಣಲು ಸಾಧ್ಯವಾಯಿತು. ಹೇಳಿಕೆ ನಿಲ್ಲದಿದ್ದರೂ ವಿಧಾನವು ನಿಂತಿತು. ಕಂಪನಿಗಳು ತಪ್ಪಿಸಿಕೊಳ್ಳುವುದು ಇದೇ ವಿಧಾನದಿಂದ. ‘ವ್ಯಾಪಾರದ ಗುಟ್ಟು’ ಎಂಬ ಪರದೆಯನ್ನು ಎಳೆದುಕೊಂಡರೆ ಸ್ಕಿನ್ನರ್ ಅಂತಹವರ ಕಣ್ಣಿಗೆ ಬೀಳುವ ಭಯವಿಲ್ಲ.

ಕಂಪನಿಯೂ ವಿಜ್ಞಾನವೂ ಬೆರೆತಾಗ ಏನಾಗುತ್ತದೆಂಬುದನ್ನು 2023ನೆಯ ವರ್ಷ ತೋರಿಸಿತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ರಂಗ ಡಯಾಸ್ ಅವರು ಅತಿವಾಹಕಗಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ 2020ರಲ್ಲೂ 2023ರಲ್ಲೂ ಪ್ರಕಟಿಸಿದ ಪ್ರಬಂಧಗಳನ್ನು ಆ ಪತ್ರಿಕೆಯೇ 2022ರಲ್ಲೂ 2023ರಲ್ಲೂ ಹಿಂತೆಗೆದುಕೊಂಡಿತು. ಈ ನಡುವೆ ಅದೇ ಆವಿಷ್ಕಾರವನ್ನು ನಂಬಿಕೊಂಡು ಒಂದು ಕಂಪನಿಯೂ ಸ್ಥಾಪನೆಯಾಗಿತ್ತು. ಅದೇ 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಕ್ವಾಂಟಮ್ ಎನರ್ಜಿ ರಿಸರ್ಚ್ ಸೆಂಟರ್ ಎಂಬ ಕಂಪನಿಯವರು ಎಲ್‌ಕೆ-99 ಎಂಬ ಸೀಸ ಮತ್ತು ತಾಮ್ರದ ಸಂಯುಕ್ತವು ಕುದಿಯುವ ನೀರಿನ ಬಿಸಿಯಲ್ಲಿಯೂ ಅತಿವಾಹಕವೆಂದು ಸಾರಿದರು. ಅಯಸ್ಕಾಂತದ ಮೇಲೆ ಅರೆಬರೆ ತೇಲುವ ಒಂದು ಕರಿಯ ಚೂರಿನ ಚಲಚ್ಚಿತ್ರವನ್ನು ಲೋಕವೆಲ್ಲ ನೋಡಿತು. ಕೊರಿಯಾದ ಷೇರುಪೇಟೆಯಲ್ಲಿ ಅತಿವಾಹಕದ ನಂಟಿದೆಯೆನ್ನಲಾದ ಕಂಪನಿಗಳ ಬೆಲೆ ಗಗನಕ್ಕೇರಿತು. ಕೆಲವೇ ವಾರಗಳಲ್ಲಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೂ ಸೇರಿದಂತೆ ಹಲವೆಡೆ ಅದೇ ಪದಾರ್ಥವನ್ನು ತಯಾರಿಸಿ ನೋಡಿದರು; ಅತಿವಾಹಕತೆ ಕಾಣಲಿಲ್ಲ. ರೋಧವು ಹಠಾತ್ತನೆ ಇಳಿದುದಕ್ಕೆ ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಎಂಬ ಕಲ್ಮಷವೇ ಕಾರಣವೆಂದು ತಿಳಿಯಿತು. ಆ ವೇಳೆಗೆ ಷೇರು ಮಾರಿದವರು ಮಾರಿಯಾಗಿತ್ತು, ಕೊಂಡವರ ಕೈಯಲ್ಲಿ ಕಾಗದ ಉಳಿದಿತ್ತು.

‘ಹೊಸದನ್ನು ಕಂಡುಹಿಡಿದವರನ್ನು ಲೋಕವು ಯಾವಾಗಲೂ ನಕ್ಕೇ ನಕ್ಕಿದೆ’ ಎಂಬುದು ಇಂತಹ ಕಂಪನಿಗಳ ಮೆಚ್ಚಿನ ಮಾತು. ಈ ಮಾತಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಬೆಡ್ನೋರ್ಜ್ ಮತ್ತು ಮ್ಯುಲರ್ ಎಂಬ ಇಬ್ಬರು 1986ರಲ್ಲಿ, ಯಾರೂ ನಿರೀಕ್ಷಿಸದ ಸೆರಾಮಿಕ್ ಪದಾರ್ಥದಲ್ಲಿ ಅತಿವಾಹಕತೆಯನ್ನು ಕಂಡರು. ಕೆಲವೇ ತಿಂಗಳಲ್ಲಿ ಟೋಕಿಯೋದಲ್ಲೂ ಹ್ಯೂಸ್ಟನ್ನಿನಲ್ಲೂ ಅದು ದೃಢಪಟ್ಟಿತು. 1987ರಲ್ಲಿ ಬೆಂಗಳೂರಿನಲ್ಲಿಯೇ ಸಿ.ಎನ್.ಆರ್. ರಾವ್ ಅವರ ತಂಡವು ಆ ಬಗೆಯ ಪದಾರ್ಥಗಳನ್ನು ತಯಾರಿಸಿತು. ಅದೇ ವರ್ಷ ಆ ಇಬ್ಬರಿಗೂ ನೊಬೆಲ್ ಬಂದಿತು. ಸತ್ಯವಾದ ಆವಿಷ್ಕಾರಕ್ಕೆ ಒಂದು ವರ್ಷ ಸಾಕಾಯಿತು. ಇದಕ್ಕೆ ಎದುರಾಗಿ, 1989ರ ಮಾರ್ಚಿಯಲ್ಲಿ ಪತ್ರಿಕಾಗೋಷ್ಠಿ ಕರೆದು ಸಾರಿದ ‘ಶೀತಲ ಸಮ್ಮಿಲನ’ವನ್ನು ಅನೇಕ ದೇಶಗಳಲ್ಲಿ, ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿಯೂ, ಶ್ರದ್ಧೆಯಿಂದಲೇ ಪರೀಕ್ಷಿಸಿದರು. ಮೂರು ದಶಕಗಳು ಕಳೆದರೂ ಅದರಿಂದ ಒಂದು ಲೋಟ ಕಾಫಿ ಕಾಯಿಸುವ ಒಲೆಯೂ ಬರಲಿಲ್ಲ. ಆದುದರಿಂದ ಲೋಕವು ನಕ್ಕಿತೆಂಬುದು ಯಾವುದಕ್ಕೂ ಪ್ರಮಾಣವಾಗದು. ಬೇರೆಯವರ ಕೈಯಲ್ಲಿ ಅದು ಮತ್ತೆ ನಡೆಯಿತೇ ಎಂಬುದೊಂದೇ ಪ್ರಮಾಣ.

‘ಪೇಟೆಂಟ್ ಅರ್ಜಿ ಹಾಕಿದೆ’ ಎಂಬುದು ಎರಡನೆಯ ಮಾತು. ಅರ್ಜಿ ಹಾಕಲು ಯಾರಿಗೂ ಅಡ್ಡಿಯಿಲ್ಲ; ಅರ್ಜಿಯ ಸಂಖ್ಯೆಯು ಯಂತ್ರ ತಿರುಗುತ್ತದೆಂಬುದಕ್ಕೆ ಸರ್ಟಿಫಿಕೇಟಲ್ಲ. ಭಾರತದ 1970ರ ಪೇಟೆಂಟ್ ಕಾಯಿದೆಯ ಮೂರನೆಯ ವಿಧಿಯೇ, ಸುಸ್ಥಾಪಿತ ನಿಸರ್ಗ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದನ್ನು ಆವಿಷ್ಕಾರವೆಂದು ಎಣಿಸುವುದಿಲ್ಲ.

ಮೂರನೆಯ ಮಾತು ಇನ್ನೂ ನಯವಾದುದು, ಜೈನ ಸಭೆಗಳಿಗೆಂದೇ ಹೊಲಿದದ್ದು: ‘ನೀವು ಅನೇಕಾಂತವಾದಿಗಳು, ವಿಜ್ಞಾನಿಗಳದು ಒಂದು ನಯ, ನಮ್ಮದು ಇನ್ನೊಂದು ನಯ.’ ಇದಕ್ಕಿಂತ ದೊಡ್ಡ ಅಪಚಾರವು ಆ ಸಿದ್ಧಾಂತಕ್ಕೆ ಬೇರೊಂದಿಲ್ಲ. ಸ್ಯಾದ್ವಾದವು ಎಲ್ಲ ಮಾತಿಗೂ ತಲೆದೂಗಬೇಕೆಂದು ಕಲಿಸುವುದಿಲ್ಲ. ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವ ಎಂದು ಅಪೇಕ್ಷೆಯನ್ನು ಬಿಡಿಸಿ ಹೇಳದೆ ಯಾವುದನ್ನೂ ಹೇಳಬಾರದೆಂಬುದೇ ಅದರ ಶಿಸ್ತು. ಜರ್ಮನಿಯ ವಿಜ್ಞಾನಿಗಳು 2015ರಲ್ಲಿ ಹೈಡ್ರೋಜನ್ ಸಲ್ಫೈಡ್ ಬಗ್ಗೆ ಹೇಳಿದಾಗ ಆ ಶಿಸ್ತನ್ನೇ ಪಾಲಿಸಿದರು: ಈ ಪದಾರ್ಥವು ಅತಿವಾಹಕವೇ ಹೌದು, ಆದರೆ ಶೂನ್ಯಕ್ಕಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲಿ, ವಾಯುಮಂಡಲದ ಒತ್ತಡದ ಸುಮಾರು 15 ಲಕ್ಷ ಪಟ್ಟು ಒತ್ತಡದಲ್ಲಿ. ಉಷ್ಣತೆ, ಒತ್ತಡ, ಅಳತೆಯ ವಿಧಾನ ಯಾವುದನ್ನೂ ಹೇಳದೆ ‘ನಮ್ಮ ವಸ್ತು ಎಲ್ಲೆಲ್ಲಿಯೂ ಎಲ್ಲ ಕಾಲಕ್ಕೂ ಕೆಲಸ ಮಾಡುತ್ತದೆ’ ಎನ್ನುವ ಕಂಪನಿಯದೇ ಏಕಾಂತ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸಿದ್ದಾರೆ. ಸತ್ಯವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಎಂಬ ಮೂರು ಸೇರಿವೆ. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಎರಡಿವೆ. ಸುಳ್ಳು ಉಪದೇಶ, ಸುಳ್ಳು ದಾಖಲೆ, ಇಟ್ಟ ಠೇವಣಿಯನ್ನು ನುಂಗುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ, ಅಸಲಿಯಂತೆ ಕಾಣುವ ನಕಲಿಯ ಮಾರಾಟ. ವಿದ್ಯುತ್ ಮೀಟರು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಈ ಪಟ್ಟಿ ಸಿದ್ಧವಾಗಿತ್ತು. ಯಂತ್ರದ ಕಂಪನಿಗಳ ಇಡೀ ವ್ಯವಹಾರವು ಇದರೊಳಗೆ ಅಡಕವಾಗುತ್ತದೆ. ಅಂಗಡಿಯಲ್ಲಿ ಹತ್ತು ಗ್ರಾಂ ಕಡಿಮೆ ತೂಗಿದವನನ್ನು ಪಾಪಿಯೆನ್ನುವ ಸಮಾಜವು, ಮೂರು ಪಟ್ಟು ಹೆಚ್ಚು ಅಳೆದು ತೋರಿಸಿದವನಿಗೆ ಹಾರ ಹಾಕುವುದು ಎಂತಹ ನ್ಯಾಯ?

ಅತಿಚಾರವು ಮಾಡಿದವನಿಗೆ ಮಾತ್ರ ಅಂಟುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಒಂದೇ ಸಾಲಿನವು. ವೇದಿಕೆಯ ಮೇಲೆ ಕುಳಿತು ‘ನಮ್ಮ ಹುಡುಗರು ಏನೋ ಸಾಧಿಸಿದ್ದಾರೆ’ ಎಂದು ಹರಸಿದ ಹಿರಿಯನು ಅನುಮೋದನೆಯ ಪಾಲುದಾರ. ಅವನಿಗೆ ವಿಜ್ಞಾನ ತಿಳಿಯದೆಂಬುದು ಕ್ಷಮೆಯಾಗದು. ತಿಳಿಯದ ವಿಷಯದಲ್ಲಿ ಮೌನವಾಗಿರುವ ಸ್ವಾತಂತ್ರ್ಯ ಅವನಿಗೆ ಇದ್ದೇ ಇತ್ತು.

ಹಾನಿಯಾಗುವುದು ಯಾರಿಗೆಂಬುದನ್ನೂ ನೋಡಬೇಕು. ಕೋಟ್ಯಧೀಶನು ಕಳೆದುಕೊಂಡರೆ ಒಂದು ಲೆಕ್ಕ ಬರೆದು ಮುಂದೆ ಹೋಗುತ್ತಾನೆ. ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿರುವವರು ಬೇರೆ. ಕಾರ್ಖಾನೆಯಿಂದ ನಿವೃತ್ತನಾಗಿ ಬಂದ ಹಣವನ್ನು ಮಗಳ ಮದುವೆಗೆಂದು ಇಟ್ಟುಕೊಂಡವನು, ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಎರಡು ಲೇತ್ ಯಂತ್ರಗಳಿಟ್ಟುಕೊಂಡು ವಿದ್ಯುತ್ ಬಿಲ್ಲಿಗೆ ಹೆದರುವವನು, ಕೆಂಗೇರಿಯಲ್ಲಿ ನಿವೇಶನ ಮಾರಿದ ದುಡ್ಡನ್ನು ಬ್ಯಾಂಕಿನಲ್ಲಿ ಹಾಕಿ ಬಡ್ಡಿ ಸಾಲದೆನ್ನುವ ವಿಧವೆ. ‘ಬ್ಯಾಂಕಿನ ಎರಡರಷ್ಟು ಲಾಭ, ಜೊತೆಗೆ ಪರಿಸರ ಸೇವೆ’ ಎಂಬ ಮಾತು ಅವರ ಲೋಭಕ್ಕಿಂತ ಹೆಚ್ಚಾಗಿ ಅವರ ಭಯವನ್ನೇ ಹಿಡಿಯುತ್ತದೆ. ಬಿಲ್ಲು ತಗ್ಗಿಸುವ ಪೆಟ್ಟಿಗೆಯೂ ಇದೇ ಜಾತಿಯದು. ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರು. ಪವರ್ ಫ್ಯಾಕ್ಟರ್ ಕೆಳಗಿಳಿದರೆ ದಂಡ ತೆರಬೇಕಾದ ಕಾರ್ಖಾನೆಗಳಿಗೆ ತಕ್ಕ ಅಳತೆಯ ಕೆಪಾಸಿಟರು ನಿಜಕ್ಕೂ ಉಪಕಾರಿ. ಮನೆಯ ಮೀಟರಾದರೋ ನಿಜವಾಗಿ ಖರ್ಚಾದ ಯೂನಿಟ್ಟುಗಳನ್ನು ಮಾತ್ರ ಎಣಿಸುತ್ತದೆ; ಅಲ್ಲಿ ಆ ಪೆಟ್ಟಿಗೆಯಿಂದ ಬಿಲ್ಲು ಅರ್ಧವಾಗುವುದೆಂಬುದು ಸುಳ್ಳು. ಅರ್ಧಸತ್ಯವನ್ನು ಪೂರ್ಣ ಬೆಲೆಗೆ ಮಾರುವ ಕಲೆ ಇದು.

ಸಂದೇಹಪಡುವುದು ಕರ್ನಾಟಕಕ್ಕೆ ಹೊರಗಿನಿಂದ ಬಂದ ಗುಣವಲ್ಲ. ಪಾದರಸದ ಯಂತ್ರದಿಂದ ವಿಮಾನಗಳು ಹಾರುತ್ತಿದ್ದವೆಂದು ಸಾರುವ ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಲೆಕ್ಕಹಾಕಿ ಪರೀಕ್ಷಿಸಿ, ಅದು ಪ್ರಾಚೀನವೂ ಅಲ್ಲ, ಅದರಲ್ಲಿರುವ ವಿಮಾನಗಳು ಹಾರಲಾರವು ಎಂದು ತೋರಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿ, ನಿಂದೆಗಳನ್ನು ಸಹಿಸಿಯೂ ಪ್ರಶ್ನೆಯನ್ನು ಬಿಡಲಿಲ್ಲ. ಅದೇ ವರ್ಷದ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿತು. ನಿಜವಾದ ಶಕ್ತಿ ಸಾಧನೆಗೂ ಈ ನಾಡು ಸಾಕ್ಷಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ತೊಂಬತ್ತಕ್ಕೂ ಹೆಚ್ಚು ಮೈಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ಯಾರೂ ನಂಬಬೇಕಾಗಿರಲಿಲ್ಲ, ದೀಪ ಉರಿಯುತ್ತಿತ್ತು.

ಇದರಿಂದ ಸಂಶೋಧನೆಗೆ ಹಣ ಕೊಡಬಾರದೆಂಬ ಅರ್ಥ ಬರುವುದಿಲ್ಲ. ಸೋಲಬಹುದೆಂದು ತಿಳಿದೇ ಹಣ ಹೂಡುವುದು ಧರ್ಮಬಾಹಿರವಲ್ಲ. ಭಾರತವೂ ಪಾಲುದಾರನಾಗಿರುವ, ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಇಟರ್ ಸಮ್ಮಿಲನ ಯೋಜನೆಯವರು ತಮ್ಮ ಕೆಲಸ ವರ್ಷಗಟ್ಟಲೆ ತಡವಾಗುವುದೆಂದು 2024ರಲ್ಲಿ ಎಲ್ಲರೆದುರು ಒಪ್ಪಿಕೊಂಡರು. ಪ್ರಾಮಾಣಿಕ ಸಂಶೋಧಕನ ಲಕ್ಷಣ ಅದು: ತಡವನ್ನೂ ಸೋಲನ್ನೂ ಅವನೇ ಮೊದಲು ಹೇಳುತ್ತಾನೆ. ‘ಮುಂದಿನ ಆರು ತಿಂಗಳಲ್ಲಿ ಮಾರುಕಟ್ಟೆಗೆ’ ಎಂದು ಹತ್ತು ವರ್ಷ ಹೇಳುವವನು ಬೇರೆ ಜಾತಿಯವನು.

ಸಮಾಜದ ಸಂಸ್ಥೆಗಳು ಈ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ನಿಯಮಕ್ಕೆ ಬರಬೇಕಾದ ಕಾಲ ಬಂದಿದೆ. ಮೊದಲನೆಯದಾಗಿ, ಹೊಸ ಶಕ್ತಿಯ ಹೆಸರಿನಲ್ಲಿ ಹಣ ಕೇಳುವ ಯಾರಿಗೂ, ಪರೀಕ್ಷಾ ವರದಿ ಇಲ್ಲದೆ ಭವನವನ್ನಾಗಲಿ ವೇದಿಕೆಯನ್ನಾಗಲಿ ಕೊಡಕೂಡದು. ವಿದ್ಯುತ್ ಸಾಮಗ್ರಿಗಳ ಪರೀಕ್ಷೆಗೆಂದೇ 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ಇದೇ ನಗರದಲ್ಲಿದೆ. ಲೋಕವನ್ನೇ ಬದಲಿಸುವ ಯಂತ್ರವುಳ್ಳವನಿಗೆ ರಾಜಾಜಿನಗರದಿಂದ ಅಲ್ಲಿಗೆ ಹೋಗುವ ಆಟೋ ಬಾಡಿಗೆ ಭಾರವಾಗಲಾರದು. ಎರಡನೆಯದಾಗಿ, ಅದೇ ಫಲವನ್ನು ಕಂಪನಿಗೆ ಸಂಬಂಧವಿಲ್ಲದ ಬೇರೆ ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಪಡೆದರೆಂದು ಬರಹದಲ್ಲಿ ಕೇಳಬೇಕು. ಮೂರನೆಯದಾಗಿ, ಠೇವಣಿ ಪಡೆಯಲು ಕಾನೂನಿನ ಅಧಿಕಾರವೆಲ್ಲಿದೆಯೆಂದು ಕೇಳಬೇಕು. ಠೇವಣಿದಾರರ ರಕ್ಷಣೆಗೆ ರಾಜ್ಯದಲ್ಲಿ 2004ರ ಕಾಯಿದೆಯಿದೆ, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ 2019ರ ಕಾಯಿದೆಯೂ ಇದೆ. ನಾಲ್ಕನೆಯದಾಗಿ, ಕಂಪನಿಯಲ್ಲಿ ತಮ್ಮ ಪಾಲಿದ್ದರೆ ಹಿರಿಯರು ಅದನ್ನು ಸಭೆಯಲ್ಲಿ ಮೊದಲೇ ಹೇಳಬೇಕು. ಪಾಲನ್ನು ಮುಚ್ಚಿಟ್ಟು ಹರಸುವುದು ದಲ್ಲಾಳಿತನ.

ಇಷ್ಟು ಕೇಳಿದರೆ ಸಂಬಂಧ ಕೆಡುತ್ತದೆ, ‘ನಮ್ಮವನನ್ನೇ ನಂಬಲಿಲ್ಲ’ ಎಂಬ ಮಾತು ಬರುತ್ತದೆ ಎಂದು ಅಂಜುವವರಿದ್ದಾರೆ. ಅಂಗಡಿಯಲ್ಲಿ ಅಣ್ಣನೇ ತೂಗಿದರೂ ತಮ್ಮನು ಮುಳ್ಳನ್ನು ನೋಡುತ್ತಾನೆ. ಅದರಿಂದ ಯಾವ ಅಣ್ಣನೂ ಮುನಿಸಿಕೊಂಡಿಲ್ಲ. ಮುನಿಸಿಕೊಂಡರೆ ತಕ್ಕಡಿಯನ್ನು ಇನ್ನೊಮ್ಮೆ ನೋಡುವುದು ಒಳಿತು.